ಹೊರೆಗಲ್ಲು ಎಲ್ಲಿದೆ?

ಭಾನುವಾರದ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹರೂಪ
ವಾಕ್ಯಭಾಗ: ಗಲಾತ್ಯದವರಿಗೆ 6:1-5, ಮಾರ್ಕ 9:14-29

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯಿಂದ ಬಸ್ಸು ಹಿಡಿದು ಬಂದವರು ಇದ್ದೀರಿ. ಮನೆಯಲ್ಲೇ ಕೂತು ಫೋನಿನಲ್ಲಿ ಕೇಳುವವರೂ ಇದ್ದೀರಿ. ಮನೆಯಲ್ಲಿ ಕೂತವರಲ್ಲಿ ಕೆಲವರ ವಿಷಯ ಇವತ್ತು ಮಾತಾಡ್ಲಿಕ್ಕೆ ಉಂಟು. ಅವರು ಸೋಮಾರಿತನದಿಂದ ಬಾರದವರಲ್ಲ. ಅವರ ಮಗು ಇಲ್ಲಿ ಒಂದು ಗಂಟೆ ಕೂರುವುದಿಲ್ಲ. ಮೈಕಿನ ಶಬ್ದಕ್ಕೆ ಕಿವಿ ಮುಚ್ಚಿ ಕೂಗುತ್ತದೆ, ಪಕ್ಕದವರ ಕೂದಲು ಹಿಡಿದು ಎಳೆಯುತ್ತದೆ, ಬಾಗಿಲು ತೆರೆದಿದ್ದರೆ ರಸ್ತೆಗೆ ಓಡುತ್ತದೆ. ಒಂದೆರಡು ಸಲ ಬಂದರು, ಜನ ತಿರುಗಿ ನೋಡಿದರು, ಆಮೇಲೆ ಬರುವುದು ನಿಲ್ಲಿಸಿದರು.

ಇವತ್ತಿನ ಪ್ರಶ್ನೆ ಇಷ್ಟೇ. ಇಂಥ ಮಗುವನ್ನು ಸಾಕುವ ಒಬ್ಬ ತಾಯಿ, "ಇನ್ನು ನನ್ನಿಂದ ಆಗುವುದಿಲ್ಲ" ಅಂತ ಬಾಯಿಬಿಟ್ಟು ಹೇಳಿದರೆ ಅದು ಅವಿಶ್ವಾಸವಾ? ಸಹಾಯ ಕೇಳಿದರೆ ಅವಳ ಪ್ರೀತಿ ಕಮ್ಮಿ ಆಯ್ತು ಅಂತ ಅರ್ಥವಾ? ಇನ್ನೊಂದು ಕಡೆಯಿಂದಲೂ ಕೇಳಬೇಕು. ಅವಳು ಹಾಗೆ ಹೇಳುವ ತನಕ ಸುಮ್ಮನೆ ಇದ್ದ ನಾವು ಯಾರು?

ಆ ಮನೆಯ ಒಂದು ದಿನವನ್ನು ಸ್ವಲ್ಪ ಯೋಚನೆ ಮಾಡಿ. ಮಗನಿಗೆ ಹದಿಮೂರು ವರ್ಷ, ಮಾತು ಇಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರ ಆದರೆ ಬೆಳಗಿನ ತನಕ ನಿದ್ದೆ ಇಲ್ಲ. ಸಿಟ್ಟು ಬಂದರೆ ತನ್ನ ಕೈಯನ್ನೇ ಕಚ್ಚುತ್ತಾನೆ, ಗೋಡೆಗೆ ತಲೆ ಬಡಿಯುತ್ತಾನೆ. ಸಣ್ಣವನಿರುವಾಗ ಎತ್ತಿ ಸಮಾಧಾನ ಮಾಡಬಹುದಿತ್ತು, ಈಗ ಅಮ್ಮನಿಗಿಂತ ಅವನಿಗೇ ಬಲ ಜಾಸ್ತಿ. ಅಪ್ಪ ಬೆಳಗ್ಗೆ ಐದಕ್ಕೆ ರಬ್ಬರ್ ಟ್ಯಾಪಿಂಗಿಗೆ ಹೋಗಬೇಕು. ಅಮ್ಮ ಬೀಡಿ ಕಟ್ಟಬೇಕು, ಸೂಪು ತೊಡೆಯ ಮೇಲೆ ಇಟ್ಟುಕೊಂಡ ಕೂಡಲೇ ಅವನು ಎಲೆಯನ್ನೆಲ್ಲ ಚೆಲ್ಲುತ್ತಾನೆ. ಅಕ್ಕನಿಗೆ ಪರೀಕ್ಷೆ, ಓದಲಿಕ್ಕೆ ಜಾಗ ಇಲ್ಲ. ನೆಂಟರ ಮದುವೆಗೆ ಯಾರಾದರೊಬ್ಬರು ಮಾತ್ರ ಹೋಗುವುದು. ಹೀಗೆ ಹತ್ತು ವರ್ಷ. ಇದರಲ್ಲಿ ವಿಶೇಷ ಏನೂ ಇಲ್ಲ, ಇಂಥ ಮನೆಗಳು ನಮ್ಮ ಮೂರೂ ತಾಲೂಕುಗಳಲ್ಲಿ ಇವೆ.

ಆ ಮನೆಗೆ ನಾವು ಮೂರು ಮಾತು ತೆಗೆದುಕೊಂಡು ಹೋಗುತ್ತೇವೆ. ಒಂದು, "ಎಂಥ ಪಾಪ ಆಗಿದೆಯೋ." ಎರಡು, "ಇದು ದುರಾತ್ಮದ ಕೆಲಸ." ಮೂರು, "ದೇವರು ಹೊರಲಿಕ್ಕೆ ಆಗುವಷ್ಟೇ ಕೊಡುವುದು." ಈ ಮೂರನ್ನೂ ವಾಕ್ಯದ ಮುಂದೆ ಇಟ್ಟು ನೋಡೋಣ.

ಮೊದಲನೆಯದು, ಪಾಪದ ಮಾತು. ಯೋಹಾನ 9ನೇ ಅಧ್ಯಾಯದಲ್ಲಿ ಹುಟ್ಟು ಕುರುಡನನ್ನು ನೋಡಿ ಶಿಷ್ಯರು ಕೇಳಿದ್ದು ಇದನ್ನೇ. ತಪ್ಪು ಇವನದ್ದಾ, ಹೆತ್ತವರದ್ದಾ? ಎರಡರಲ್ಲಿ ಒಂದು ಉತ್ತರ ಬರುತ್ತದೆ ಅಂತ ಕಾಯುತ್ತಿದ್ದರು. ಕರ್ತನು ಎರಡನ್ನೂ ತಳ್ಳಿಹಾಕಿದನು. ಗಮನಿಸಿ, ಶಿಷ್ಯರು ಕಾರಣವನ್ನು ಆ ಮನೆಯ ಒಳಗೇ ಹುಡುಕಿದರು. ಹಾಗೆ ಹುಡುಕಿದರೆ ಹೊರಗಿನವರಿಗೆ ಒಂದು ಲಾಭ ಉಂಟು: ಜವಾಬ್ದಾರಿ ಇಲ್ಲದೆ ಮುಂದೆ ನಡೆಯಬಹುದು.

ನಮ್ಮ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯನ್ನು ನೆನಪು ಮಾಡಿಕೊಳ್ಳಿ. ಅಲ್ಲಿನ ಸರಕಾರಿ ಗೇರು ತೋಟಗಳ ಮೇಲೆ, ಹೂವಿಗೆ ಬೀಳುವ ಕೀಟ ಸಾಯಲಿ ಅಂತ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. 1980ರ ದಶಕದಿಂದ 2000ದ ತನಕ ಅದು ನಡೆಯಿತು. ಬಾವಿಗೆ, ತೋಡಿಗೆ, ಅಂಗಳಕ್ಕೆ ಬಿತ್ತು. ಗಡಿಯಾಚೆ ಕಾಸರಗೋಡಿನ ಎಣ್ಮಕಜೆ, ಪಡ್ರೆಯಲ್ಲೂ ಹಾಗೇ. ಅಲ್ಲಿ ಹುಟ್ಟಿದ ಎಷ್ಟೋ ಮಕ್ಕಳಿಗೆ ಬುದ್ಧಿಯ ಬೆಳವಣಿಗೆ ಇಲ್ಲ, ಅಪಸ್ಮಾರ ಉಂಟು, ಕೈಕಾಲಿನ ಹಿಡಿತ ಇಲ್ಲ. ಊರವರು ಮೊದಲು ದೈವದ ಮುನಿಸು, ಶಾಪ ಅಂತ ಹೇಳಿದರು. ಹೆತ್ತವರು ತಲೆತಗ್ಗಿಸಿ ನಡೆದರು. ಕೊನೆಗೆ 2011ರ ಮೇ 13ರಂದು ಸುಪ್ರೀಂ ಕೋರ್ಟು ಆ ವಿಷವನ್ನು ತಡೆಯಿತು, ಸರಕಾರ ಸಂತ್ರಸ್ತರ ಪಟ್ಟಿ ಮಾಡಿತು, ಮಾಸಾಶನ ಕೊಟ್ಟಿತು, ಕೊಕ್ಕಡದಲ್ಲೂ ಕೊಯಿಲದಲ್ಲೂ ಪಾಲನಾ ಕೇಂದ್ರ ತೆರೆಯಿತು. ಶಾಪ ಆ ತಾಯಂದಿರ ಹೊಟ್ಟೆಯಿಂದ ಬಂದದ್ದಲ್ಲ, ಆಕಾಶದಿಂದ ಸುರಿದದ್ದು.

ಎಲ್ಲ ಮಕ್ಕಳ ಕಾರಣವೂ ಅದಲ್ಲ. ಹೆರಿಗೆಯ ಹೊತ್ತಿಗೆ ಮಗುವಿಗೆ ಉಸಿರು ಸಿಗದೆ ಇರಬಹುದು, ಮಿದುಳಿಗೆ ಜ್ವರ ಏರಿರಬಹುದು, ವಂಶವಾಹಿಯಲ್ಲಿ ವ್ಯತ್ಯಾಸ ಇರಬಹುದು, ಆಟಿಸಂ ಇರಬಹುದು. ಎಷ್ಟೋ ಸಲ ವೈದ್ಯರಿಗೂ ಕಾರಣ ಸಿಗುವುದಿಲ್ಲ. ಆದರೆ ಕಾರಣ ಗೊತ್ತಿಲ್ಲದ ಕಡೆ ಪಾಪವನ್ನು ತಂದು ತುಂಬಿಸುವ ಅಧಿಕಾರ ನಮಗೆ ಯಾರು ಕೊಟ್ಟರು?

ಎರಡನೆಯದು, ದುರಾತ್ಮದ ಮಾತು. ಇದನ್ನು ನಾನು ಜಾಗ್ರತೆಯಾಗಿ ಹೇಳ್ತೇನೆ, ನೀವೂ ಜಾಗ್ರತೆಯಾಗಿ ಕೇಳಿ. ನಾವು ಬಿಡುಗಡೆಯನ್ನು ನಂಬುವ ಜನ. ಮಾರ್ಕ 9ರ ಹುಡುಗನನ್ನು ಕರ್ತನು ಬಿಡಿಸಿದ್ದನ್ನು ಸಾರುವ ಜನ. ಆದರೆ ಮತ್ತಾಯ 4:24 ತೆರೆದು ನೋಡಿ. ಜನರು ಯೇಸುವಿನ ಬಳಿ ತಂದವರ ಪಟ್ಟಿ ಅಲ್ಲಿದೆ. ದೆವ್ವ ಹಿಡಿದವರು ಬೇರೆ, ಅಪಸ್ಮಾರದವರು ಬೇರೆ, ಪಾರ್ಶ್ವವಾಯುವಿನವರು ಬೇರೆ ಅಂತ ಬರೆದಿದೆ. ಎರಡು ಸಾವಿರ ವರ್ಷದ ಹಿಂದೆಯೇ ಬರೆದವನಿಗೆ ಆ ವ್ಯತ್ಯಾಸ ಗೊತ್ತಿತ್ತು. ಕೈಯಲ್ಲಿ ಮೊಬೈಲು ಹಿಡಿದ ನಮಗೆ ಗೊತ್ತಿಲ್ಲದಿದ್ದರೆ ಹೇಗೆ?

ಮಾರ್ಕ 9ರಲ್ಲೂ ಕರ್ತನು ಏನು ಮಾಡಿದನು ಅಂತ ನಿಧಾನವಾಗಿ ಓದಿ. ಆ ಹುಡುಗ ನೆಲದಲ್ಲಿ ಬಿದ್ದು ಹೊರಳುತ್ತಿದ್ದಾನೆ, ಬಾಯಲ್ಲಿ ನೊರೆ. ಶಿಷ್ಯರೂ ಶಾಸ್ತ್ರಿಗಳೂ ಪಕ್ಕದಲ್ಲಿ ವಾದ ಮಾಡುತ್ತಿದ್ದಾರೆ. ಕರ್ತನು ತಂದೆಯ ಕಡೆ ತಿರುಗಿ, ಇದು ಎಷ್ಟು ಕಾಲದಿಂದ ಇವನಿಗೆ ಹೀಗಿದೆ ಅಂತ ವಿಚಾರಿಸಿದನು. ಒಳ್ಳೆಯ ವೈದ್ಯ ಮೊದಲು ಕೇಳುವುದೂ ಇದೇ. ಎಲ್ಲವನ್ನೂ ಬಲ್ಲವನು ಯಾಕೆ ಕೇಳಿದ? ಆ ತಂದೆಯ ಮಾತನ್ನು ಅಲ್ಲಿಯ ತನಕ ಯಾರೂ ಪೂರ್ತಿ ಕೇಳಿರಲಿಲ್ಲ. ಆಮೇಲೆ ಕರ್ತನು ಹುಡುಗನಿಗೆ ಹೊಡೆಯಲಿಲ್ಲ, ಅದುಮಿ ಹಿಡಿಯಲಿಲ್ಲ, ಕಟ್ಟಲಿಲ್ಲ. ಗದರಿಸಿದ್ದು ಆತ್ಮವನ್ನು, ಹುಡುಗನ ಕೈ ಹಿಡಿದು ಎಬ್ಬಿಸಿದನು.

ಆದ್ದರಿಂದ ಸಭೆಯಲ್ಲಿ ಯಾರೂ ಯಾವ ಮಗುವನ್ನೂ ಪ್ರಾರ್ಥನೆಯ ಹೆಸರಲ್ಲಿ ಹೊಡೆಯಬಾರದು, ಕಿವಿಯ ಹತ್ತಿರ ಕಿರುಚಬಾರದು. ಅಪಸ್ಮಾರದ ಮಾತ್ರೆಯನ್ನು, "ವಿಶ್ವಾಸ ಇದ್ದರೆ ಇದೆಲ್ಲ ಬೇಡ" ಅಂತ ಬಿಡಿಸಬಾರದು. ಆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಸೆಳೆತ ನಿಲ್ಲದೆ ಪ್ರಾಣಕ್ಕೇ ಅಪಾಯ ಆಗಬಹುದು. ಪ್ರಾರ್ಥನೆಯೂ ಇರಲಿ, ಮಾತ್ರೆಯೂ ಇರಲಿ.

ಮೂರನೆಯದು, ಹೊರಲಿಕ್ಕೆ ಆಗುವಷ್ಟೇ ದೇವರು ಕೊಡುವುದು ಅನ್ನುವ ಮಾತು. ಇದು ಕೇಳ್ಲಿಕ್ಕೆ ಬಹಳ ಆತ್ಮಿಕವಾಗಿದೆ. ಆದರೆ 1 ಕೊರಿಂಥ 10:13ರಲ್ಲಿ ಇರುವುದು ಶೋಧನೆಯ ವಿಷಯ, ಪಾಪಕ್ಕೆ ಎಳೆಯುವಾಗ ತಪ್ಪಿಸಿಕೊಳ್ಳುವ ದಾರಿಯ ವಿಷಯ. ಮನುಷ್ಯನ ಮೈಮೇಲೆ ಬೀಳುವ ಭಾರದ ಅಳತೆ ಅಲ್ಲಿಲ್ಲ. ಭಾರದ ವಿಷಯ 2 ಕೊರಿಂಥ 1:8ರಲ್ಲಿ ಪೌಲನೇ ಬರೆದಿದ್ದಾನೆ. ಆಸ್ಯ ಸೀಮೆಯಲ್ಲಿ ತಮ್ಮ ಶಕ್ತಿಗೆ ಮೀರಿದ ಭಾರ ಬಿತ್ತು, ಬದುಕುವ ಆಸೆಯೇ ಹೋಯಿತು ಅಂತ. ಪೌಲನಿಗೆ ಶಕ್ತಿಗೆ ಮೀರಿದ್ದು ಬಂದಿರುವಾಗ ಬೀಡಿ ಕಟ್ಟುವ ಒಬ್ಬ ತಾಯಿಗೆ ಬರುವುದಿಲ್ಲವಾ? ಅವಳ ಹತ್ತಿರ "ನಿಮಗೆ ಆಗ್ತದೆ ಅಮ್ಮ, ದೇವರು ನಿಮ್ಮನ್ನೇ ಆರಿಸಿದ್ದಾನೆ" ಅಂತ ಹೇಳಿ, ಚಾ ಕುಡಿದು ಎದ್ದು ಬರುವುದು ಬಹಳ ಸುಲಭ. ಹೊಗಳಿಕೆಯಿಂದಲೂ ಒಬ್ಬರನ್ನು ಒಂಟಿ ಮಾಡಬಹುದು.

ಈಗ ಗಲಾತ್ಯ 6ಕ್ಕೆ ಬನ್ನಿ. ಎರಡನೇ ವಚನದಲ್ಲಿ ಪೌಲನು ಒಬ್ಬರದ್ದನ್ನು ಇನ್ನೊಬ್ಬರು ಹೊರಬೇಕು, ಕ್ರಿಸ್ತನ ನಿಯಮ ನೆರವೇರುವುದು ಹಾಗೆ ಅನ್ನುತ್ತಾನೆ. ಐದನೇ ವಚನದಲ್ಲಿ ಪ್ರತಿಯೊಬ್ಬನೂ ತನ್ನದನ್ನು ತಾನೇ ಹೊರಬೇಕು ಅನ್ನುತ್ತಾನೆ. ಮೂರು ವಚನದೊಳಗೆ ಮಾತು ಬದಲಾಯಿಸಿದನಾ? ಇಲ್ಲ. ಗ್ರೀಕಿನಲ್ಲಿ ಅವನು ಎರಡು ಬೇರೆ ಪದ ಇಟ್ಟಿದ್ದಾನೆ. ಎರಡನೇ ವಚನದ್ದು ಬಾರೋಸ್, ಅಂದರೆ ಜಗ್ಗಿಸುವ ಭಾರ. ಐದನೆಯದ್ದು ಫೊರ್ತಿಯೋನ್, ಒಬ್ಬ ಆಳು ಹೊತ್ತು ನಡೆಯುವ ಹೊರೆ. ಕರ್ತನು ತಾನು ಕೊಡುವ ಹೊರೆ ಹಗುರ ಅಂದಾಗಲೂ ಮತ್ತಾಯ 11ರಲ್ಲಿ ಈ ಎರಡನೇ ಪದವೇ ಇರುವುದು.

ಹೊರೆ ಅಂದರೆ ಏನು ಅಂತ ನಮ್ಮ ಅಮ್ಮಂದಿರಿಗೆ ಹೇಳಿಕೊಡಬೇಕಾಗಿಲ್ಲ. ಗುಡ್ಡೆಗೆ ಹೋಗಿ ಹಟ್ಟಿಗೆ ಸೊಪ್ಪು ಕೊಯ್ದು, ಬಳ್ಳಿಯಲ್ಲಿ ಬಿಗಿದು, ತಲೆಗೆ ಸಿಂಬೆ ಇಟ್ಟು ಹೊತ್ತು ತಂದವರು ಅವರು. ನಡೆಯುವುದು ಒಬ್ಬಳೇ, ಸರಿ. ಆದರೆ ನೆಲದಿಂದ ತಲೆಗೆ ಹೊರೆ ಏರಬೇಕಾದರೆ ಇನ್ನೊಬ್ಬಳ ಕೈ ಬೇಕು. ದಾರಿ ದೂರವಾದರೆ ನಡುವೆ ಹೊರೆಗಲ್ಲು ಬೇಕು. ಹಿಂದಿನವರು ಕಾಲುದಾರಿಯ ಬದಿಯಲ್ಲಿ ತಲೆಯ ಎತ್ತರಕ್ಕೆ ಕಲ್ಲು ನಿಲ್ಲಿಸಿ ಅಡ್ಡಕಲ್ಲು ಇಡುತ್ತಿದ್ದರು, ನೆನಪಿದೆಯಾ? ನಡೆದು ಬಂದವನು ಯಾರ ಸಹಾಯವೂ ಇಲ್ಲದೆ ಹೊರೆಯನ್ನು ಅದರ ಮೇಲೆ ಜಾರಿಸಿ, ಕುತ್ತಿಗೆ ಸಡಿಲ ಮಾಡಿ, ನೀರು ಕುಡಿದು, ಮತ್ತೆ ತಲೆಕೊಟ್ಟು ಹೊರಟುಹೋಗುತ್ತಿದ್ದನು. ಆ ಕಲ್ಲು ಅವನ ಹೊರೆಯನ್ನು ಕಿತ್ತುಕೊಳ್ಳುವುದಿಲ್ಲ. ಹೊರೆ ಅವನದ್ದೇ. ಆದರೆ ಕಲ್ಲು ಇಲ್ಲದ ದಾರಿಯಲ್ಲಿ ಅದೇ ಹೊರೆ ಕುತ್ತಿಗೆ ಮುರಿಯುವ ಭಾರ ಆಗುತ್ತದೆ.

ನಾನು ಇವತ್ತು ಹೇಳುವ ಒಂದೇ ಮಾತು ಇದು. ಮಗುವನ್ನು ಪ್ರೀತಿಸುವುದು, ಅವನ ಹೆಸರು ಹಿಡಿದು ಕರೆಯುವುದು, ಅವನಿಗೆ ಅಪ್ಪ ಅಮ್ಮ ಆಗಿರುವುದು, ಇದು ಹೆತ್ತವರ ಹೊರೆ. ಅದನ್ನು ಯಾರೂ ಅವರಿಂದ ತೆಗೆಯಲಿಕ್ಕೆ ಆಗುವುದಿಲ್ಲ, ಅವರೂ ಕೊಡುವುದಿಲ್ಲ. ಆದರೆ ನಿದ್ದೆ ಇಲ್ಲದ ರಾತ್ರಿ, ಕಚೇರಿಯಿಂದ ಕಚೇರಿಗೆ ಅಲೆದಾಟ, ಊರವರ ನೋಟ, ನಾನು ಸತ್ತ ಮೇಲೆ ಇವನಿಗೆ ಯಾರು ಅನ್ನುವ ಭಯ, ಇವು ಭಾರ. ಇವನ್ನು ಒಬ್ಬರೇ ಹೊರಬೇಕು ಅಂತ ದೇವರು ಎಲ್ಲಿಯೂ ಹೇಳಲಿಲ್ಲ. ಹೊರಲಿಕ್ಕೆ ನಮಗೆ ಅಪ್ಪಣೆ ಕೊಟ್ಟಿದ್ದಾನೆ. ಹೊರದಿದ್ದರೆ ಅವಿಶ್ವಾಸ ಆ ತಾಯಿಯದ್ದಲ್ಲ, ಅವಿಧೇಯತೆ ನಮ್ಮದು.

ಸಹಾಯ ಕೇಳುವುದು ಪ್ರೀತಿ ಕಮ್ಮಿ ಆದದ್ದರ ಗುರುತಾ? ಮಾರ್ಕ 9ರ ತಂದೆಯ ಬೇಡಿಕೆಯನ್ನು ಇನ್ನೊಮ್ಮೆ ಓದಿ. ಅವನು ಮಗನಿಗೆ ಕರುಣೆ ತೋರಿಸು ಅಂತ ಮಾತ್ರ ಕೇಳಲಿಲ್ಲ. ನಮ್ಮ ಮೇಲೆ ಕರುಣೆ ಇಡು, ನಮಗೆ ಸಹಾಯ ಮಾಡು ಅಂತ ಕೇಳಿದನು. ಬಹುವಚನ! ಬೆಂಕಿಗೂ ನೀರಿಗೂ ಬೀಳುವ ಮಗನ ಹಿಂದೆ ವರ್ಷಗಟ್ಟಲೆ ಓಡಿದ ಆ ಮನುಷ್ಯ ತನ್ನನ್ನೂ ಆ ಬೇಡಿಕೆಯಲ್ಲಿ ಸೇರಿಸಿಕೊಂಡನು. ನಿನ್ನ ವಿಷಯ ಯಾಕೆ ತಂದೆ ಅಂತ ಕರ್ತನು ಕೇಳಲಿಲ್ಲ.

1 ಅರಸುಗಳು 19ರಲ್ಲಿ ಎಲೀಯನೂ ಸಾಕು ಅಂತ ಹೇಳಿ ಗಿಡದ ಕೆಳಗೆ ಬಿದ್ದುಕೊಂಡನು. ದೇವರು ಅವನಿಗೆ ಪ್ರಸಂಗ ಮಾಡಲಿಲ್ಲ. ನಿದ್ದೆ ಕೊಟ್ಟನು, ರೊಟ್ಟಿ ಕೊಟ್ಟನು, ನೀರು ಕೊಟ್ಟನು, ಮತ್ತೆ ನಿದ್ದೆ ಕೊಟ್ಟನು. ಮಾತು ಆಮೇಲೆ. ನಾವು ಮಾತ್ರ ರೊಟ್ಟಿ ಇಲ್ಲದೆ ಮಾತು ತೆಗೆದುಕೊಂಡು ಹೋಗುತ್ತೇವೆ.

ಇನ್ನು ಆ ಮಗುವಿನ ವಿಷಯ. ಅವನು ಕಚ್ಚುತ್ತಾನೆ, ಹೊಡೆಯುತ್ತಾನೆ, ಬಟ್ಟೆ ಹರಿಯುತ್ತಾನೆ. "ಹಟ", "ಕೆಟ್ಟ ಬುದ್ಧಿ" ಅಂತ ನಾವು ಹೇಳುತ್ತೇವೆ. ಮಾತು ಇಲ್ಲದವನಿಗೆ ಅದೇ ಮಾತು ಅಂತ ತಿಳಿದವರು ಹೇಳುತ್ತಾರೆ. ಸಾಮಾನ್ಯವಾಗಿ ನಾಲ್ಕರಲ್ಲಿ ಒಂದನ್ನು ಅವನು ಹೇಳುತ್ತಿರುತ್ತಾನೆ. ನನ್ನ ಕಡೆ ನೋಡಿ. ಆ ವಸ್ತು ಬೇಕು. ಈ ಕೆಲಸ, ಈ ಜಾಗ ಬೇಡ. ಈ ಶಬ್ದ, ಈ ಬಟ್ಟೆ ತಡೆಯಲಿಕ್ಕೆ ಆಗುವುದಿಲ್ಲ, ಅಥವಾ ಹೀಗೆ ಮಾಡಿದರೆ ಮೈಗೆ ಹಿತ. ಇವಕ್ಕಿಂತ ಮೊದಲು ನೋಡಬೇಕಾದ ಇನ್ನೊಂದು ಉಂಟು, ನೋವು. ಒಮ್ಮೆಲೇ ತಲೆ ಬಡಿಯಲು ಶುರು ಮಾಡಿದರೆ ಕಿವಿ ನೋವು, ಹಲ್ಲು ನೋವು, ಮಲಬದ್ಧತೆ, ಹೆಣ್ಣುಮಕ್ಕಳಲ್ಲಾದರೆ ಮುಟ್ಟಿನ ನೋವು ಇದೆಯಾ ಅಂತ ಮೊದಲು ವೈದ್ಯರಿಗೆ ತೋರಿಸಬೇಕು.

ಒಂದು ಇನ್ನೂರು ಪೇಜಿನ ಪುಸ್ತಕ ತೆಗೆದುಕೊಳ್ಳಿ. ಪ್ರತಿ ಸಲ ರಂಪ ಆದಾಗ ಮೂರು ಸಾಲು ಬರೆಯಿರಿ. ಅದಕ್ಕೆ ಸ್ವಲ್ಪ ಮೊದಲು ಏನು ನಡೆಯಿತು? ಅವನು ಏನು ಮಾಡಿದ? ಆಮೇಲೆ ನಾವು ಏನು ಮಾಡಿದೆವು? ಎರಡು ವಾರ ಬರೆದರೆ ಒಂದು ದಾರಿ ಕಾಣುತ್ತದೆ. ಮಿಕ್ಸಿ ತಿರುಗಿದಾಗೆಲ್ಲ ಆಗುತ್ತದೆ, ಅಥವಾ ಹಸಿವಿನ ಹೊತ್ತಿಗೆ, ಅಥವಾ ಕಿರುಚಿದ ಕೂಡಲೇ ಮೊಬೈಲು ಸಿಗುತ್ತದೆ ಅಂತ ಅವನಿಗೆ ಗೊತ್ತಾಗಿದೆ. ಆಗ ಮಿಕ್ಸಿ ಹಾಕುವ ಮೊದಲು ಅವನನ್ನು ಅಂಗಳಕ್ಕೆ ಕರಕೊಂಡು ಹೋಗಬಹುದು. ಲೋಟದ ಚಿತ್ರ, ಬಟ್ಟಲಿನ ಚಿತ್ರ, ಕಕ್ಕಸಿನ ಚಿತ್ರ ಗೋಡೆಗೆ ಅಂಟಿಸಿ, ಕೈ ಕಚ್ಚುವ ಬದಲು ಚಿತ್ರ ಮುಟ್ಟಲು ಕಲಿಸಬಹುದು. ಇದು ಒಂದು ದಿನದ ಕೆಲಸ ಅಲ್ಲ. ಆದರೆ ಈ ಪುಸ್ತಕವನ್ನು ವೈದ್ಯರ ಮುಂದೆ, ವಿಶೇಷ ಶಾಲೆಯ ಟೀಚರ ಮುಂದೆ ಇಟ್ಟರೆ ಅವರ ಕೆಲಸ ಅರ್ಧ ಆಗುತ್ತದೆ.

ಕಟ್ಟಿಹಾಕುವ ವಿಷಯವನ್ನೂ ಹೇಳಲೇಬೇಕು. ಕೆಲವು ಮನೆಗಳಲ್ಲಿ ಮಗುವನ್ನು ಕಿಟಕಿಯ ಸರಳಿಗೆ ಕಟ್ಟಿ ತೋಟಕ್ಕೆ ಹೋಗುತ್ತಾರೆ. ಅದು ಸರಿಯಾ? ಸರಿ ಅಲ್ಲ. ಬೆಂಕಿ ಬಿದ್ದರೆ, ಸೆಳೆತ ಬಂದರೆ ಅವನು ಅಲ್ಲೇ ಸಾಯುತ್ತಾನೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ಗುಣ ಆಗಲಿ ಅಂತ ಮನೆಯವರು ತಂದುಬಿಟ್ಟ ಮಾನಸಿಕ ರೋಗಿಗಳ ಚಪ್ಪರಕ್ಕೆ ಬೆಂಕಿ ಹಿಡಿದು 28 ಜನ ಸತ್ತರು. ಸರಪಳಿಯಲ್ಲಿ ಇದ್ದದ್ದರಿಂದ ಓಡಲಿಕ್ಕೆ ಆಗಲಿಲ್ಲ. ಅದು ಬೇರೆಯವರ ಕ್ಷೇತ್ರ, ನಮಗೇನು ಅನ್ನಬೇಡಿ. ದೇವರ ಹೆಸರು ಹೇಳುವ ಯಾವ ಜಾಗದಲ್ಲಿ ಸರಪಳಿ ಇದ್ದರೂ ಆ ಪಾಠ ಆ ಜಾಗಕ್ಕೆ ಸೇರಿದ್ದು. ಆದರೆ ಆ ತಾಯಿಗೆ ಇದನ್ನು ಹೇಳುವ ಮೊದಲು ಒಂದು ಪ್ರಶ್ನೆ ನಮಗೆ. ಅವಳು ಪಡಿತರ ಅಂಗಡಿಗೆ ಹೋಗುವ ಒಂದು ಗಂಟೆ ಅವನ ಹತ್ತಿರ ಕೂರುತ್ತೇನೆ ಅಂತ ನಮ್ಮಲ್ಲಿ ಒಬ್ಬರಾದರೂ ಹೇಳಿದ್ದೇವಾ? ಗಂಟು ಹಾಕಿದ ಕೈ ಅವಳದ್ದು, ಹಗ್ಗ ಕೊಟ್ಟವರು ನೆರೆಯವರು.

ಇನ್ನೊಂದು ಕಷ್ಟದ ಪ್ರಶ್ನೆ. ಮಗುವನ್ನು ವಸತಿ ಶಾಲೆಗೆ ಸೇರಿಸಿದರೆ ಅದು ಕೈಬಿಟ್ಟ ಹಾಗೆ ಆಗುವುದಿಲ್ಲವಾ? ಮೋಶೆಯ ತಾಯಿಯನ್ನು ನೋಡಿ. ಮನೆಯಲ್ಲಿ ಇಟ್ಟುಕೊಳ್ಳಲು ಇನ್ನು ಆಗುವುದಿಲ್ಲ ಅಂತಾದಾಗ ಅವಳು ಬುಟ್ಟಿ ಮಾಡಿದಳು. ನೀರು ಸೇರದ ಹಾಗೆ ರಾಳ ಬಳಿದಳು. ಮಗುವಿನ ಅಕ್ಕ ದೂರದಲ್ಲಿ ನಿಂತು ನೋಡುತ್ತಾ ಇದ್ದಳು. ಅದು ಕೈಬಿಡುವುದಲ್ಲ. ಬುಟ್ಟಿ ಗಟ್ಟಿ ಉಂಟಾ ಅಂತ ನೋಡದೆ ಬಿಡುವುದು, ಬಿಟ್ಟು ತಿರುಗಿ ನೋಡದೆ ಬರುವುದು, ಅದು ಕೈಬಿಡುವುದು. ಶಾಲೆಯನ್ನು ಹೋಗಿ ನೋಡಿ, ಮಕ್ಕಳ ಮೈಮೇಲೆ ಗಾಯ ಉಂಟಾ ನೋಡಿ, ಯಾವಾಗ ಬೇಕಾದರೂ ಒಳಗೆ ಬಿಡುತ್ತಾರಾ ಕೇಳಿ, ಪ್ರತಿ ತಿಂಗಳು ಹೋಗಿ. ಆಮೇಲೆ ಅಪರಾಧಿ ಮನಸ್ಸು ಇಟ್ಟುಕೊಳ್ಳಬೇಡಿ.

ಈಗ ನಮ್ಮ ಊರಿನ ಹೊರೆಗಲ್ಲುಗಳು ಎಲ್ಲೆಲ್ಲಿ ಉಂಟು ಅಂತ ಹೇಳ್ತೇನೆ. ಪೆನ್ನು ಇದ್ದವರು ಬರೆದುಕೊಳ್ಳಿ.

ಮೊದಲು ನಿಮ್ಮ ಗ್ರಾಮ ಪಂಚಾಯತು. ಅಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ವಿಆರ್‌ಡಬ್ಲ್ಯು ಅಂತ ಹೇಳುವುದು. ತಾಲೂಕು ಪಂಚಾಯತಿನಲ್ಲಿ ಎಂಆರ್‌ಡಬ್ಲ್ಯು ಇರುತ್ತಾರೆ. ಯುಡಿಐಡಿ ಕಾರ್ಡು, ಮಾಸಾಶನ, ಬಸ್ ಪಾಸು ಈ ಎಲ್ಲದರ ಅರ್ಜಿಗೆ ಅವರೇ ಮೊದಲ ಬಾಗಿಲು. ಪಂಚಾಯತಿನ ಹಣದಲ್ಲಿ ಶೇಕಡಾ 5 ಅಂಗವಿಕಲರಿಗಾಗಿ ಇಡಬೇಕು. ಗ್ರಾಮಸಭೆಯಲ್ಲಿ ಎದ್ದು ನಿಂತು ಅದನ್ನು ಕೇಳಿ, ಕೇಳುವುದು ಹಕ್ಕು.

ಎರಡು, ಆಸ್ಪತ್ರೆ. ಮಗು ಸಣ್ಣದಿದ್ದರೆ ಅಂಗನವಾಡಿಗೆ, ಶಾಲೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ ತೋರಿಸಿ. 18 ವರ್ಷದ ತನಕದ ಮಕ್ಕಳನ್ನು ಅವರು ನೋಡುತ್ತಾರೆ, ಮುಂದಿನ ತಪಾಸಣೆಗೆ ಕಳಿಸುತ್ತಾರೆ. ಜಿಲ್ಲಾ ಆಸ್ಪತ್ರೆ ಅಂದರೆ ಮಂಗಳೂರಿನ ವೆನ್‌ಲಾಕ್. ನಡವಳಿಕೆ ತುಂಬ ಕಷ್ಟ ಆದರೆ ಬೆಂಗಳೂರಿನ ನಿಮ್ಹಾನ್ಸಿನ ಮಕ್ಕಳ ವಿಭಾಗ ಉಂಟು. ವೆಲ್ಲೂರಿನ ಸಿಎಂಸಿಯಲ್ಲಿ ನಂಬಿಕ್ಕೈ ನಿಲಯಂ ಅನ್ನುವ ವಿಭಾಗ ಉಂಟು. ಅಲ್ಲಿ ಹೆತ್ತವರೂ ಮಗುವಿನ ಜೊತೆ ಉಳಿದು, ಮನೆಯಲ್ಲಿ ಹೇಗೆ ನೋಡಿಕೊಳ್ಳುವುದು ಅಂತ ಕಲಿತು ಬರುತ್ತಾರೆ. ಆ ಹೆಸರಿನ ಅರ್ಥ ನಂಬಿಕೆಯ ಮನೆ. ನಂಬಿಕೆಯೂ ಕಲಿಕೆಯೂ ಒಂದೇ ಸೂರಿನ ಕೆಳಗೆ ಇರಬಹುದು ಅಂತ ಇದರಿಂದ ತಿಳಿಯಿರಿ.

ಮೂರು, ಶಾಲೆ. ಬೆಳ್ತಂಗಡಿಯ ಲಾಯಿಲದಲ್ಲಿ ದಯಾ ವಿಶೇಷ ಶಾಲೆ, ಮೂಡುಬಿದಿರೆಯಲ್ಲಿ ಸ್ಫೂರ್ತಿ ವಿಶೇಷ ಶಾಲೆ, ಮಂಗಳೂರಿನಲ್ಲಿ ಸಂತ ಆಗ್ನೆಸ್ ವಿಶೇಷ ಶಾಲೆ, ಶಕ್ತಿನಗರದಲ್ಲಿ ಸಾನಿಧ್ಯ ವಸತಿ ಶಾಲೆ. ನಡೆಸುವವರು ಯಾವ ಸಭೆಯವರು, ಯಾವ ಧರ್ಮದವರು ಅಂತ ನೋಡಬೇಡಿ. ಸಮಾರ್ಯದವನು ಎಣ್ಣೆ ಹಚ್ಚುವಾಗ ಗಾಯಗೊಂಡವನು ಜಾತಿ ಕೇಳಲಿಲ್ಲ.

ನಾಲ್ಕು, ಕಾನೂನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸಿದೆ, ಆಟಿಸಂ ಮತ್ತು ಬೌದ್ಧಿಕ ಅಂಗವೈಕಲ್ಯ ಅದರಲ್ಲಿ ಇವೆ. ಶೇಕಡಾ 40 ಮತ್ತು ಅದಕ್ಕಿಂತ ಹೆಚ್ಚು ಇದ್ದರೆ 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣದ ಹಕ್ಕು ಉಂಟು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಕೆಳಗೆ ನಿರಾಮಯ ಅನ್ನುವ ಆರೋಗ್ಯ ವಿಮೆ ಉಂಟು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹು ಅಂಗವೈಕಲ್ಯ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿಯ ತನಕ, ಥೆರಪಿಯ ಖರ್ಚೂ ಸೇರಿ. ಮಗುವಿಗೆ 18 ತುಂಬಿದ ಮೇಲೆ ಹೆತ್ತವರು ತನ್ನಿಂದ ತಾನೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ. ಅದೇ ಕಾಯ್ದೆಯ ಕೆಳಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ನನ್ನ ನಂತರ ಯಾರು ಅನ್ನುವ ಪ್ರಶ್ನೆಗೆ ಕಾಗದದಲ್ಲಿ ಒಂದು ಉತ್ತರ ಅಲ್ಲಿಂದ ಶುರು ಆಗುತ್ತದೆ.

ಐದು, ನಿಮ್ಮ ಸ್ವಂತ ಮನಸ್ಸು. ಇಂಥ ಮಕ್ಕಳ ಹೆತ್ತವರಲ್ಲಿ ಕೆಲವರಿಗೆ ರಾತ್ರಿ ಹೊತ್ತು ಒಂದು ಯೋಚನೆ ಬರುತ್ತದೆ, ಇವನನ್ನೂ ಕರಕೊಂಡು ನಾನೂ ಹೋಗಿಬಿಡುತ್ತೇನೆ ಅಂತ. ಆ ಯೋಚನೆ ಬಂದರೆ ಯಾರಿಗೂ ಹೇಳದೆ ಇಟ್ಟುಕೊಳ್ಳಬೇಡಿ. ನನಗೆ ಫೋನ್ ಮಾಡಿ, ಹೊತ್ತು ನೋಡಬೇಡಿ. ಟೆಲಿ ಮನಸ್ ಅಂತ ಉಂಟು, ನಂಬ್ರ 14416. ದುಡ್ಡು ಇಲ್ಲ, ಹಗಲು ರಾತ್ರಿ ಉಂಟು, ಕನ್ನಡದಲ್ಲಿ ಮಾತಾಡಬಹುದು. ಆ ಯೋಚನೆ ಬಂದವರನ್ನು ದೇವರು ತಳ್ಳುವುದಿಲ್ಲ. ಎಲೀಯನನ್ನು ತಳ್ಳಲಿಲ್ಲ.

ಕೊನೆಯದಾಗಿ ಸಭೆಗೆ. ಮಾರ್ಕ 2ರಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತು ತಂದರು. ಒಬ್ಬನೇ ತಂದಿದ್ದರೆ ದಾರಿಯಲ್ಲೇ ಬೀಳುತ್ತಿದ್ದನು. ಜನಸಂದಣಿ ಬಾಗಿಲು ತಡೆದಿತ್ತು. ವಾಕ್ಯ ಕೇಳಲು ಬಂದವರೇ ತಡೆದದ್ದು, ಅದನ್ನು ಮರೆಯಬೇಡಿ. ಇವರು ಮಾಡು ಬಿಚ್ಚಿದರು. ನಮಗೆ ಮಾಡು ಬಿಚ್ಚುವ ಕೆಲಸ ಇಲ್ಲ. ಒಂದು ಮನೆಗೆ ನಾಲ್ಕು ಜನ ಸಾಕು. ವಾರಕ್ಕೆ ಒಬ್ಬೊಬ್ಬರು ಎರಡೆರಡು ಗಂಟೆ. ಮೊದಲ ತಿಂಗಳು ಅಮ್ಮ ಮನೆಯಲ್ಲಿ ಇರುವಾಗಲೇ ಹೋಗಿ ಮಗುವಿನ ಗುರುತು ಮಾಡಿಕೊಳ್ಳಿ, ಅವನಿಗೆ ಏನು ಆಗುತ್ತದೆ, ಏನು ಆಗುವುದಿಲ್ಲ ತಿಳಿಯಿರಿ. ಯಾವತ್ತೂ ಇಬ್ಬರಾಗಿ ಹೋಗಿ, ಮಗುವಿನ ರಕ್ಷಣೆಗೂ ಅದೇ ಒಳ್ಳೆಯದು. ಒಬ್ಬರು ತಾಲೂಕು ಕಚೇರಿಗೆ ಅಪ್ಪನ ಜೊತೆ ಹೋಗಿ, ಅವರ ಒಂದು ದಿನದ ಸಂಬಳ ಉಳಿಯಲಿ. ಅಕ್ಕ ತಂಗಿಯರನ್ನು ಓದಲಿಕ್ಕೆ ನಿಮ್ಮ ಮನೆಗೆ ಕರೆಯಿರಿ.

ಇಲ್ಲಿ ಆರಾಧನೆಯಲ್ಲಿ, ಬಾಗಿಲ ಹತ್ತಿರದ ಎರಡು ಬೆಂಚು ಈ ಕುಟುಂಬಗಳಿಗೆ. ತಿಂಗಳ ಎರಡನೇ ಭಾನುವಾರ ಡ್ರಮ್ ಇಲ್ಲ, ಮೈಕಿನ ಶಬ್ದ ಅರ್ಧ. ಪವಿತ್ರಾತ್ಮನು ಶಬ್ದ ಕಮ್ಮಿ ಆದರೆ ಬಾರದವನಲ್ಲ. ಎಲೀಯನ ಹತ್ತಿರ ಅವನು ಬಂದದ್ದು ಗಾಳಿಯಲ್ಲಿ ಅಲ್ಲ, ಭೂಕಂಪದಲ್ಲಿ ಅಲ್ಲ. ಮಗು ಕೂಗಿದರೆ ಯಾರೂ ತಿರುಗಿ ನೋಡಬೇಡಿ. ಕೂಗಲಿ. ನಾವೂ ಇಲ್ಲಿ ಕೂಗುವವರೇ ಅಲ್ವಾ?

ಹಾಗಾದರೆ ಗುಣಕ್ಕಾಗಿ ಪ್ರಾರ್ಥನೆ ಮಾಡುವುದು ಬಿಡಬೇಕಾ ಅಂತ ಕೆಲವರು ಕೇಳಬಹುದು. ಬಿಡಬೇಡಿ. ದೇವರು ಮಾಡಬಲ್ಲನು, ನಾನು ನಂಬುತ್ತೇನೆ. ಆದರೆ ಆ ಮಗು ಗುಣ ಆದ ಮೇಲೆ ಮಾತ್ರ ನಮ್ಮವನು ಅಂತ ಇಲ್ಲ. ಅವನು ಈಗಲೇ ನಮ್ಮವನು, ಕಚ್ಚುವಾಗಲೂ ನಮ್ಮವನು. ದೇವರ ಉತ್ತರ ಬರುವ ತನಕ ಆ ತಾಯಿ ಕಾಯುವ ರಾತ್ರಿಗಳಲ್ಲಿ ಒಂದನ್ನಾದರೂ ನಾವು ಹಂಚಿಕೊಳ್ಳದಿದ್ದರೆ, ನಮ್ಮ ಪ್ರಾರ್ಥನೆಗೆ ಕೈಕಾಲು ಎಲ್ಲಿ?

ಹೊರಗೆ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದೆ. ಸಮಯ ಕೊಡುವವರು ಒಂದು ಕಡೆ, ಸಮಯ ಬೇಕಾದವರು ಇನ್ನೊಂದು ಕಡೆ ಹೆಸರು ಬರೆಯಿರಿ. ಎರಡೂ ಕಡೆ ಬರೆಯುವವರು ಇದ್ದರೆ ಅದೂ ಸರಿ.

ತಲೆ ಬಾಗಿಸೋಣ. ಕರ್ತನೇ, ಈ ಮೂರು ತಾಲೂಕುಗಳಲ್ಲಿ ನಿದ್ದೆ ಇಲ್ಲದೆ ಇರುವ ಮನೆಗಳನ್ನು ನಿನ್ನ ಮುಂದೆ ಇಡುತ್ತೇವೆ. ಆ ಮಕ್ಕಳ ನೋವನ್ನು ತಿಳಿಯುವ ಕಿವಿ ನಮಗೆ ಕೊಡು. ದಣಿದ ಅಪ್ಪ ಅಮ್ಮಂದಿರಿಗೆ ನಾಚಿಕೆ ಇಲ್ಲದೆ ಕೇಳುವ ಧೈರ್ಯ ಕೊಡು, ನಮಗೆ ಕೇಳುವ ಮೊದಲೇ ಹೋಗುವ ಕಾಲು ಕೊಡು. ಅವರ ದಾರಿಯ ಬದಿಯಲ್ಲಿ ನಮ್ಮನ್ನು ಕಲ್ಲಾಗಿ ನಿಲ್ಲಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.